ಬೋರಿಬಂದರದ ಗುಮ್ಮಟವೂ ಶಹಾಪುರದ ನಿಲ್ದಾಣವೂ

ರೈಲು ನಿಲ್ದಾಣಗಳ ವಾಸ್ತುಶಿಲ್ಪವನ್ನು ಕುರಿತು ಅಭಿಪ್ರಾಯ ಹೇಳತಕ್ಕ ಅಧಿಕಾರ ಶಹಾಪುರದವನಿಗೆ ಎಲ್ಲಿಂದ ಬಂದಿತೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಅಸಂಗತವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ನಮ್ಮ ಊರಿಗೆ ಇದುವರೆಗೆ ರೈಲು ನಿಲ್ದಾಣವೆಂಬುದೇ ಇಲ್ಲ. ಮಲಗಿದ ಬುದ್ಧನ ಆಕಾರವನ್ನು ತಳೆದಿದೆಯೆಂದು ಪ್ರಸಿದ್ಧವಾದ ಬೆಟ್ಟಸಾಲಿನ ಮಗ್ಗುಲಲ್ಲಿರುವ ಈ ಪಟ್ಟಣದವರು ರೈಲನ್ನು ಹತ್ತಬೇಕಾದರೆ, ಬಸ್ಸನ್ನೋ ಟಂಟಂ ಗಾಡಿಯನ್ನೋ ಹಿಡಿದು, ಭೀಮೆಯ ಸೇತುವೆಯನ್ನು ದಾಟಿ, ಸುಮಾರು ಮೂವತ್ತೈದು ಕಿಲೋಮೀಟರು ದೂರದ ಯಾದಗಿರಿಗೆ ಹೋಗಬೇಕು. ಸುರಪುರದವರು ಅದಕ್ಕಿಂತಲೂ ಹೆಚ್ಚಿನ ದಾರಿಯನ್ನು ಸವೆಸಬೇಕು. ಒಂದೂವರೆ ಶತಮಾನಕ್ಕೂ ಮೀರಿದ ಕಾಲದಿಂದ ಸಗರನಾಡಿನ ಈ ಭಾಗಕ್ಕೆ ರೈಲೆಂಬುದು ನೆರೆಯೂರಿನ ಸೊತ್ತಾಗಿಯೇ ಉಳಿದಿದೆ. ಆದರೆ 2013–14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗ, ಅಂದರೆ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರಗಳನ್ನು ಪೋಣಿಸಿಕೊಂಡು ಬರಬೇಕಾದ ಸುಮಾರು 250 ಕಿಲೋಮೀಟರಿನ ಮಾರ್ಗ, ಆಮೆಯ ನಡಿಗೆಯಲ್ಲಾದರೂ ಮೈದಾಳುತ್ತಲಿದೆ. ಅದರ ತಳಕಲ್–ಕುಷ್ಟಗಿ ಭಾಗದಲ್ಲಿ 2025ರ ಮೇ ತಿಂಗಳಿನಿಂದ ಪ್ರಯಾಣಿಕರ ಗಾಡಿ ಓಡತೊಡಗಿದೆ. ಇಂದಲ್ಲದಿದ್ದರೆ ನಾಳೆ ಶಹಾಪುರಕ್ಕೊಂದು ನಿಲ್ದಾಣ ಬರುವುದು. ಬರತಕ್ಕ ನಿಲ್ದಾಣ ಎಂಥದಾಗಿರಬೇಕೆಂಬ ವಿಚಾರವನ್ನು ಅದು ಕಟ್ಟಿ ನಿಂತ ಮೇಲೆ ಮಾಡಿ ಪ್ರಯೋಜನವೇನು? ಮುಂಬಯಿಯ ಬೋರಿಬಂದರದ ಮಹಾನಿಲ್ದಾಣವನ್ನು ಸಾವಕಾಶವಾಗಿ ನೋಡಿ ಬಂದ ಮೇಲೆ ಈ ವಿಚಾರ ನನ್ನ ತಲೆಯಲ್ಲಿ ಹೊಕ್ಕು ಕುಳಿತಿದೆ. ಅದನ್ನು ಊರವರ ಮುಂದೆ ಇಡುವುದು ಉಚಿತವೆಂದು ತೋರಿತು.

ಆ ನಿಲ್ದಾಣ ನಮಗೆ ಸಂಬಂಧಪಡದ ಪರಸ್ಥಳದ ವೈಭವವೆಂದು ಭಾವಿಸುವುದು ಸರಿಯಲ್ಲ. ಯಾದಗಿರಿಯ ಕೋಟೆಬೆಟ್ಟದ ಸಮೀಪದಲ್ಲಿ ಹಾದುಹೋಗುವ ಹಳಿಯೂ ಆ ಗುಮ್ಮಟದ ಮಗ್ಗುಲಲ್ಲಿ ಕೊನೆಗಾಣುವ ಹಳಿಯೂ ಒಂದೇ. ಎರಡನ್ನೂ ಹಾಸಿದುದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೆಂಬ ಒಂದೇ ಕಂಪನಿ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಯವರೆಗೆ ಪ್ರಯಾಣಿಕರ ಮೊದಲ ಗಾಡಿಯನ್ನು ಓಡಿಸಿದ ಈ ಕಂಪನಿ, 1863ರಲ್ಲಿ ಭೋರ್ ಘಟ್ಟದ ದುರ್ಗಮವಾದ ಏರುದಾರಿಯನ್ನು ಪೂರೈಸಿ, ಸೋಲಾಪುರದಿಂದ ಮುಂದಕ್ಕೆ ನಿಜಾಮನ ಸೀಮೆಯನ್ನು ಹೊಕ್ಕು, ಕಲಬುರಗಿ, ವಾಡಿ, ಯಾದಗಿರಿಗಳ ಮೂಲಕ 1871ರಲ್ಲಿ ರಾಯಚೂರನ್ನು ಮುಟ್ಟಿತು. ಅದೇ ವರ್ಷ ಮದ್ರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿ ಅಲ್ಲಿ ಅದನ್ನು ಕೂಡಿಕೊಳ್ಳಲು, ಪಡುಗಡಲಿನ ಬಂದರಕ್ಕೂ ಮೂಡುಗಡಲಿನ ಬಂದರಕ್ಕೂ ಕನ್ನಡದ ನೆಲದಲ್ಲಿ ಗಂಟುಬಿದ್ದಿತು. ಮೂರು ವರ್ಷಗಳ ತರುವಾಯ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹೊರಟಿತು. ಇಂದಿಗೂ ಬೆಂಗಳೂರಿನಿಂದ ಬರುವ ಉದ್ಯಾನ ಎಕ್ಸ್‌ಪ್ರೆಸ್ ಯಾದಗಿರಿಯಲ್ಲಿ ನಿಂತು, ಸುಮಾರು 650 ಕಿಲೋಮೀಟರು ಸಾಗಿ, ಅದೇ ನಿಲ್ದಾಣದಲ್ಲಿ ಹೋಗಿ ನಿಲ್ಲುವುದು. ಸುಗ್ಗಿ ಮುಗಿದ ಮೇಲೆ ಹೊಟ್ಟೆಯ ಪಾಡಿಗಾಗಿ ಗುಳೆ ಹೋಗುವ ನಮ್ಮ ತಾಲ್ಲೂಕುಗಳ ಜನ ಎಷ್ಟು ತಲೆಮಾರುಗಳಿಂದ ಆ ಕಟ್ಟೆಗಳ ಮೇಲೆ ಗಂಟುಮೂಟೆಗಳನ್ನು ಇಳಿಸಿಕೊಂಡಿರುವರೆಂಬುದನ್ನು ಎಣಿಸಿದವರಿಲ್ಲ.

ಕಟ್ಟಡವನ್ನು ನೋಡಲೆಂದೇ ಹೋದವನು, ಗಾಡಿ ಹಿಡಿಯುವ ತರಾತುರಿಯಾಗಲಿ ಸಾಮಾನಿನ ಕಾವಲಾಗಲಿ ಇಲ್ಲದವನು, ಮೊದಲು ನಿಲ್ಲಬೇಕಾದುದು ರಸ್ತೆಯ ಆಚೆಗೆ, ಮಹಾನಗರಪಾಲಿಕೆಯ ಕಟ್ಟಡದ ಪಕ್ಕದಲ್ಲಿ; ಅದೂ ಇದೇ ಶಿಲ್ಪಿಯ ಕೃತಿಯಾದುದರಿಂದ ಒಂದೇ ನಿಲುವಿನಲ್ಲಿ ಅವನ ಎರಡು ಕೆಲಸಗಳನ್ನು ನೋಡಿದಂತಾಗುವುದು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ಆ ಇಂಗ್ಲಿಷ್ ವಾಸ್ತುಶಿಲ್ಪಿ 1878ರಲ್ಲಿ ನಿಲ್ದಾಣದ ಕೆಲಸವನ್ನು ಆರಂಭಿಸಿ, ಹತ್ತು ವರ್ಷಗಳಲ್ಲಿ ಮುಗಿಸಿದನು. ಖರ್ಚು ಅಂದಿನ ಹದಿನಾರು ಲಕ್ಷ ರೂಪಾಯಿಗಳಿಗಿಂತ ತುಸು ಹೆಚ್ಚು. ಕೆಲಸ ಇನ್ನೂ ನಡೆದಿರುವಾಗಲೇ, 1887ರ ರಾಣಿಯ ಸುವರ್ಣ ಮಹೋತ್ಸವದಲ್ಲಿ ಅದಕ್ಕೆ ವಿಕ್ಟೋರಿಯಾಳ ಹೆಸರನ್ನಿಟ್ಟರು; 1996ರಲ್ಲಿ ಆ ಹೆಸರು ಹೋಗಿ ಛತ್ರಪತಿ ಶಿವಾಜಿಯ ಹೆಸರು ಬಂದಿತು; 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ನಮ್ಮ ಕಡೆಯ ಹಳಬರು ಇವೊಂದನ್ನೂ ಲೆಕ್ಕಿಸದೆ ಬೋರಿಬಂದರವೆಂದೇ ಕರೆದುಕೊಂಡು ಬಂದಿದ್ದಾರೆ.

ಮೊದಲ ನೋಟಕ್ಕೆ ಅದು ನಿಲ್ದಾಣವೆಂದು ತೋರುವುದೇ ಇಲ್ಲ. ಎರಡು ಕಡೆಯ ಭುಜಗಳನ್ನು ಮುಂದಕ್ಕೆ ಚಾಚಿ ನಡುವೆ ಅಂಗಳವನ್ನು ತಬ್ಬಿಕೊಂಡಿರುವ ಮೂರಂತಸ್ತಿನ ಅರಮನೆ, ಚೂಪಾದ ಕಮಾನುಗಳ ಸಾಲಿನ ಮೇಲೆ ಕಮಾನುಗಳ ಸಾಲು, ಮೂಲೆಮೂಲೆಗೆ ಗೋಪುರ, ಎಲ್ಲಕ್ಕೂ ಮಿಗಿಲಾಗಿ ನಡುವೆ ಎದ್ದು ನಿಂತ, ಪಕ್ಕೆಲುಬುಗಳಂತೆ ಕಲ್ಲಿನ ಏಣುಗಳುಳ್ಳ ಎಂಟುಮೂಲೆಯ ಗುಮ್ಮಟ. ಆ ಗುಮ್ಮಟದ ತುದಿಯಲ್ಲಿ ಒಂದು ಕೈಯಲ್ಲಿ ಪಂಜನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರವನ್ನು ಹಿಡಿದು ನಿಂತ ಸ್ತ್ರೀಮೂರ್ತಿಯನ್ನು ಅವರು ಪ್ರಗತಿಯೆಂದು ಕರೆದರು. ಪ್ರವೇಶದ ಕಂಬಗಳ ಮೇಲೆ ಒಂದು ಕಡೆಗೆ ಸಿಂಹ, ಇನ್ನೊಂದು ಕಡೆಗೆ ಹುಲಿ. ಸಿಂಹ ಇಂಗ್ಲೆಂಡಿನದು, ಹುಲಿ ಹಿಂದೂಸ್ಥಾನದ್ದು. ಎರಡನ್ನೂ ಒಂದೇ ಎತ್ತರದಲ್ಲಿ ಕೂರಿಸಿದ ಸೌಜನ್ಯ ಕಲ್ಲಿನಲ್ಲಿ ಮಾತ್ರ ಸಾಧ್ಯವಾಯಿತೆಂಬುದು ಚರಿತ್ರೆಯನ್ನು ಬಲ್ಲವರಿಗೆ ಹೇಳಬೇಕಾದ ಮಾತಲ್ಲ. ಹತ್ತಿರಕ್ಕೆ ಹೋದಂತೆ ಗೋಡೆಗಳೆಲ್ಲ ಜೀವಂತವಾಗತೊಡಗುವುವು: ಬೋದಿಗೆಗಳ ಎಲೆಬಳ್ಳಿಗಳ ನಡುವೆ ನವಿಲು, ಕೋತಿ, ಗೂಬೆ, ಓತಿಕೇತ, ನೀರು ಸುರಿಯುವ ಬಾಯಿಗಳಾಗಿ ವಿಕಾರಮುಖದ ಮೃಗಗಳು, ಕಂಪನಿಯ ನಿರ್ದೇಶಕರ ಮುಖಗಳ ಜೊತೆಗೆ ಜಗನ್ನಾಥ ಶಂಕರಶೇಟ್, ಸರ್ ಜಮಶೇಟ್‌ಜಿ ಜೀಜೀಭಾಯ್ ಮೊದಲಾದ ಮುಂಬಯಿಯ ಗಣ್ಯರು, ಮತ್ತೊಂದು ಕಡೆಗೆ, ಹೆಸರಿಲ್ಲದ ಜನಸಾಮಾನ್ಯರ ತಲೆಗಳು, ಒಂದೊಂದಕ್ಕೂ ಒಂದೊಂದು ಬಗೆಯ ಪಾಗು. ಈ ಕೆತ್ತನೆಯಲ್ಲಿ ಬಹುಭಾಗವನ್ನು ಮಾಡಿದವರು ಮುಂಬಯಿಯದೇ ಆದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು. ನಕ್ಷೆ ವಿದೇಶದ ರೀತಿಯದಾದರೂ ಉಳಿ ಹಿಡಿದ ಕೈ ಇಲ್ಲಿಯದು. ಗಾಥಿಕ್ ಕಮಾನಿನ ಸಂದಿಯಲ್ಲಿ ನಮ್ಮ ನವಿಲು ಬಂದು ಕುಳಿತ ರಹಸ್ಯ ಅದು.

ಇಷ್ಟೆಲ್ಲವನ್ನು ಮೆಚ್ಚಿಕೊಂಡ ಮೇಲೂ ಒಂದು ಮಾತನ್ನು ಹೇಳಲೇಬೇಕು. ಅಲಂಕಾರ ಅಲ್ಲಿ ಕೆಲವೆಡೆ ಅತಿಯಾಗಿದೆ. ಕಣ್ಣಿಗೆ ವಿಶ್ರಾಂತಿ ದೊರೆಯುವಂಥ ಬರಿಯ ಗೋಡೆಯನ್ನು ಹುಡುಕಬೇಕಾಗುವುದು. ನಮ್ಮ ಸೀಮೆಯವನ ಕಣ್ಣಿಗೆ ಕಮಾನೂ ಗುಮ್ಮಟವೂ ಅಪೂರ್ವವಸ್ತುಗಳಲ್ಲ. 1367ರಲ್ಲಿ ಕಟ್ಟಿದ ಕಲಬುರಗಿ ಕೋಟೆಯ ಜಾಮಾ ಮಸೀದಿಯಲ್ಲಿ, ತೆರೆದ ಅಂಗಳವೇ ಇಲ್ಲದಂತೆ ಇಡಿಯ ಹರಹನ್ನು ಗುಮ್ಮಟಗಳಿಂದ ಮುಚ್ಚಿದ ಧೈರ್ಯವನ್ನು ನೋಡಿದವನಿಗೆ, 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟದ ಕೆಳಗೆ ನಿಂತು ಅದರ ನಿರಾಭರಣವಾದ ಘನತೆಗೆ ಬೆರಗಾದವನಿಗೆ, ಸ್ಟೀವನ್ಸನ ಗುಮ್ಮಟ ಸುಂದರವೆಂದು ತೋರೀತೇ ಹೊರತು ಗಂಭೀರವೆಂದು ತೋರಲಾರದು. ಸುರಪುರದಲ್ಲಿ ಅನೇಕ ವರ್ಷ ರಾಜಕೀಯ ಏಜೆಂಟನಾಗಿದ್ದು, ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಿಂದ ಆ ಸಂಸ್ಥಾನದ ಆಡಳಿತವನ್ನು ನಡೆಸಿದ ಮೆಡೋಸ್ ಟೇಲರನು, ಜೇಮ್ಸ್ ಫರ್ಗ್ಯುಸನ್ನನೊಡನೆ 1866ರಲ್ಲಿ ವಿಜಯಪುರದ ವಾಸ್ತುಶಿಲ್ಪವನ್ನು ಕುರಿತು ದೊಡ್ಡದೊಂದು ಪುಸ್ತಕವನ್ನೇ ಹೊರತಂದನು. ಬೋರಿಬಂದರಕ್ಕೆ ಅಡಿಪಾಯ ಬೀಳುವುದಕ್ಕೆ ಹನ್ನೆರಡು ವರ್ಷ ಮೊದಲೇ ಈ ನಾಡಿನ ಕಟ್ಟೋಣದ ವಿದ್ಯೆ ಇಂಗ್ಲೆಂಡಿನ ಓದುಗರಿಗೆ ತಿಳಿದಿದ್ದಿತು.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದುದು ಗುಮ್ಮಟವಲ್ಲ, ಟಿಕೆಟು ಕೊಡುವ ಪಡಸಾಲೆ. ಕಟ್ಟಡದ ಉತ್ತರ ಭಾಗದಲ್ಲಿ, ನಕ್ಷತ್ರಮಂದಿರವೆಂಬ ಅರ್ಥದ ಹೆಸರುಳ್ಳ ಆ ಪಡಸಾಲೆಗೆ ಇಟಲಿಯ ಅಮೃತಶಿಲೆಯನ್ನೂ ನುಣುಪಾಗಿ ಉಜ್ಜಿದ ನಮ್ಮ ದೇಶದ ನೀಲಿಗಲ್ಲನ್ನೂ ಬಳಸಿದ್ದಾರೆ. ಅದರ ಒಳಮಾಡಿಗೆ ನೀಲಿಯ ಮೇಲೆ ಹೊನ್ನಿನ ಚುಕ್ಕಿಗಳನ್ನು ಬರೆಸಿದ್ದರು. ದೇವಾಲಯದ ನವರಂಗಕ್ಕೋ ದೊರೆಯ ಒಡ್ಡೋಲಗಕ್ಕೋ ಸಲ್ಲತಕ್ಕ ಶೃಂಗಾರವನ್ನು, ನಾಲ್ಕಾಣೆಯ ಟಿಕೆಟಿಗಾಗಿ ಸಾಲಿನಲ್ಲಿ ನಿಲ್ಲುವವನ ತಲೆಯ ಮೇಲೆ ಹರಡಿದ ಆ ಒಂದು ನಿರ್ಧಾರ ಸ್ಟೀವನ್ಸನ ಸಕಲ ಗೋಪುರಗಳಿಗಿಂತಲೂ ದೊಡ್ಡದೆಂದು ನನ್ನ ಅಭಿಪ್ರಾಯ. ಅವನ ಮನಸ್ಸಿನಲ್ಲಿ ಆಗ ಏನಿದ್ದಿತೋ, ಕಂಪನಿಯ ಕೀರ್ತಿಯ ಹೊರತು ಬೇರೊಂದು ಇದ್ದಿರಲಿಕ್ಕಿಲ್ಲ. ಫಲ ಮಾತ್ರ ಹಾಗೆ ಒದಗಿತು. ಇಂದಿಗೂ ಅದು ಟಿಕೆಟಿನ ಪಡಸಾಲೆಯಾಗಿಯೇ ಇದೆ, ಇಂದಿಗೂ ಜನ ಅಲ್ಲಿ ಸಾಲಿನಲ್ಲಿ ನಿಲ್ಲುವರು.

ನಿಲ್ಲುವವರು ಉಪನಗರದ ಗಾಡಿಗಳ ಪ್ರಯಾಣಿಕರು. ನಮ್ಮ ಕಡೆಯಿಂದ ಹೋಗುವ ದೂರದ ಗಾಡಿಗಳು ನಿಲ್ಲುವುದು ಅದರ ಮಗ್ಗುಲಿಗೆ, ಕಾಲಾಂತರದಲ್ಲಿ ಬೆಳೆದ ಇನ್ನೊಂದು ಭಾಗದಲ್ಲಿ. ಅಲ್ಲಿ ಇಳಿದವನು ಗುಮ್ಮಟದ ಕೆಳಗೆ ಹಾಯದೆ, ನವಿಲನ್ನು ಕಾಣದೆ, ಹಿಂಬದಿಯ ರಸ್ತೆಗೆ ನೇರವಾಗಿ ಹೊರಬೀಳಬಹುದು, ಬಹುಮಟ್ಟಿಗೆ ಹೊರಬೀಳುತ್ತಾನೆ. 2008ರ ನವೆಂಬರ್ 26ರ ರಾತ್ರಿ ಆ ನಿಲ್ದಾಣದಲ್ಲಿ ಗುಂಡಿಗೆ ಬಲಿಯಾದ ಐವತ್ತಕ್ಕೂ ಮಿಕ್ಕ ಜನರಲ್ಲಿ ಹೆಚ್ಚಿನವರು ದೂರದ ಊರಿನ ಗಾಡಿಗಳನ್ನು ಕಾಯುತ್ತ ಈ ಭಾಗದಲ್ಲಿ ನೆಲದ ಮೇಲೆ ಕುಳಿತಿದ್ದವರೇ. ಒಮ್ಮೆ ಯಾದಗಿರಿಯಲ್ಲಿ ಗಾಡಿಗಾಗಿ ಕಾಯುತ್ತಿದ್ದಾಗ, ಶಹಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಮಕ್ಕಳುಮರಿ ಸಮೇತ ಮುಂಬಯಿಗೆ ಹೊರಟಿದ್ದ ವಯಸ್ಸಾದ ಹೆಣ್ಣುಮಗಳೊಬ್ಬಳನ್ನು, ಹೊತ್ತು ಹೋಗಲೆಂದು, ಮಾತನಾಡಿಸಿದೆ.

“ಅವ್ವಾ, ಬೊಂಬೈ ಟೇಶನ್ದಾಗ ಇಳೀತೀರಲ್ಲ, ಅದರ ಮ್ಯಾಲಿನ ಗುಮ್ಮಟ ನೋಡೀರೇನು?”

“ಎಲ್ಲಿ ಗುಮ್ಮಟ ಯಪ್ಪಾ? ಇಳದ ಕೂಡ್ಲೆ ಮಕ್ಕಳನ್ನ ಎಣಿಸ್ಬೇಕು, ಗಂಟು ಎಣಿಸ್ಬೇಕು, ಮುಕಾದಮ ಎಲ್ಲಿ ನಿಂತಾನ ನೋಡ್ಬೇಕು. ಕುಡಿಯೋ ನೀರು ಎಲ್ಲಿ ಬರ್ತಾವ, ಅದು ಗೊತ್ತದ ನನಗ.”

ಈ ಉತ್ತರವನ್ನು ಕೇಳಿ, ಬಡವರಿಗೆ ಸೌಂದರ್ಯದ ಗೊಡವೆಯಿಲ್ಲವೆಂದು ನಿರ್ಣಯಿಸುವವರು ಉಂಟು. ಅದು ಅವಸರದ ನಿರ್ಣಯ. ಬನಶಂಕರಿಯ ಜಾತ್ರೆಗೋ ಗಾಣಗಾಪುರಕ್ಕೋ ಹೋದಾಗ ಇದೇ ಹೆಣ್ಣುಮಗಳು ತಲೆಯೆತ್ತಿ ಶಿಖರವನ್ನು ನೋಡುತ್ತಾಳೆ, ಕೈ ಮುಗಿಯುತ್ತಾಳೆ, ಕಂಬದ ಮೇಲಿನ ಆನೆಯನ್ನು ಮೊಮ್ಮಗನಿಗೆ ಬೆರಳು ಮಾಡಿ ತೋರಿಸುತ್ತಾಳೆ. ಅಲ್ಲಿ ಅವಳಿಗೆ ಗಂಟನ್ನು ಇಳಿಸುವುದಕ್ಕೆ ಜಗಲಿಯಿದೆ, ಕಾಲು ತೊಳೆಯುವುದಕ್ಕೆ ನೀರಿದೆ, ಅವಳನ್ನು ಎಬ್ಬಿಸಿ ಅಟ್ಟತಕ್ಕವರಿಲ್ಲ. ತಲೆಯೆತ್ತಿ ನೋಡುವುದಕ್ಕೆ ಮೊದಲು ತಲೆಯ ಮೇಲಿನ ಹೊರೆಯನ್ನು ಇಳಿಸಲು ಸ್ಥಳ ಬೇಕು. ನಿಲ್ದಾಣದ ಸೌಂದರ್ಯವನ್ನು ಕುರಿತು ನಾನು ಕಲಿತುದರಲ್ಲಿ ಹೆಚ್ಚಿನ ಪಾಲನ್ನು ಕಲಿಸಿದುದು ಆಕೆಯ ಆ ಕಡೆಯ ವಾಕ್ಯ.

ಇನ್ನು, ಆ ವೈಭವದ ಖರ್ಚನ್ನು ಹೊತ್ತವರು ಯಾರೆಂಬುದನ್ನೂ ಮರೆಯಬಾರದು. 1849ರ ಕರಾರಿನಂತೆ ಕಂಪನಿಯ ಪಾಲುದಾರರಿಗೆ ಶೇಕಡ 5ರ ಬಡ್ಡಿಗೆ ಸರಕಾರ ಹೊಣೆ ನಿಂತಿದ್ದಿತು; ರೈಲಿನ ಆದಾಯ ಸಾಲದಿದ್ದರೆ ಹಿಂದೂಸ್ಥಾನದ ಕಂದಾಯದಿಂದ ಆ ಕೊರತೆಯನ್ನು ತುಂಬಿಕೊಡತಕ್ಕುದು. ನಷ್ಟದ ಭಯವಿಲ್ಲದ ವ್ಯಾಪಾರಿಯ ಕೈ ಧಾರಾಳವಾಗುವುದು ಸಹಜ. ಭೋರ್ ಘಟ್ಟದ ಕೆಲಸದಲ್ಲಿ ಒಂದು ಹಂತಕ್ಕೆ ನಲವತ್ತು ಸಾವಿರಕ್ಕೂ ಮಿಕ್ಕಿದ ಕೂಲಿಗಳು ದುಡಿದರು. ರೋಗಕ್ಕೂ ಸಿಡಿಮದ್ದಿಗೂ ಬಲಿಯಾದವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಪ್ರಯಾಣಿಕರಿಂದ ಕಂಪನಿಗಳಿಗೆ ಬರುತ್ತಿದ್ದ ವರಮಾನದಲ್ಲಿ ದೊಡ್ಡ ಭಾಗ ಮೂರನೆಯ ತರಗತಿಯವರದು. ಆ ಡಬ್ಬಿಗಳ ನರಕವನ್ನು ಕುರಿತು 1917ರಲ್ಲಿ ಗಾಂಧೀಜಿ ಬರೆಯಬೇಕಾಗಿ ಬಂದಿತು. ಅವರು ಬರೆದ ತೊಂದರೆಗಳಲ್ಲಿ ಕೆಲವು ಇಂದಿನ ಜನರಲ್ ಡಬ್ಬಿಯಲ್ಲಿ ಇಂದಿಗೂ ಸುಖವಾಗಿವೆ.

ಶಿರಸ್ಸಿಗೆ ಕಿರೀಟವನ್ನಿಟ್ಟ ಕಂಪನಿ ಮೈಗೆ ಏನನ್ನು ಉಡಿಸಿತು? ದಾರಿಯ ಸಣ್ಣ ನಿಲ್ದಾಣಗಳಿಗೆ ರೈಲ್ವೆಗಳು ನಮೂನೆಯ ನಕ್ಷೆಗಳನ್ನು ಇಟ್ಟುಕೊಂಡಿದ್ದುವು. ಊರಿನ ತೂಕ ನೋಡಿ ಇಂತಿಷ್ಟು ಕೋಣೆ, ಇಂತಿಷ್ಟು ಮಾಡು ಎಂಬ ನಿಯಮ. ಯಾದಗಿರಿಗೆ ಗುಮ್ಮಟ ಬರಲಿಲ್ಲ, ಸೈದಾಪುರಕ್ಕೆ ಗೋಪುರ ಬರಲಿಲ್ಲ. ಆದರೆ ಆ ಕೃಪಣವಾದ ನಕ್ಷೆಗಳಲ್ಲಿಯೂ ಒಂದು ವಿವೇಕವಿದ್ದಿತೆಂದು ಒಪ್ಪಬೇಕು: ಹತ್ತಿರದ ಕಲ್ಲು, ದಪ್ಪನೆಯ ಗೋಡೆ, ಎತ್ತರದ ಮಾಡು, ಮುಂದಕ್ಕೆ ಚಾಚಿದ ಪಡಸಾಲೆ, ಗಾಳಿಯಾಡುವ ಕಿಂಡಿ, ಅಂಗಳದಲ್ಲೊಂದು ಬೇವಿನ ಮರ. ಬೇಸಿಗೆಯಲ್ಲಿ ನಲವತ್ತು ಡಿಗ್ರಿಯನ್ನು ಸಲೀಸಾಗಿ ದಾಟುವ ನಮ್ಮ ಸೀಮೆಯಲ್ಲಿ ಇವೆಲ್ಲ ಅಲಂಕಾರಗಳಲ್ಲ, ಪ್ರಾಣರಕ್ಷಣೆಯ ಉಪಾಯಗಳು. ಬೆಂಗಳೂರು–ಚಿಕ್ಕಬಳ್ಳಾಪುರ ಮಾರ್ಗದಲ್ಲಿ 1915ರ ಕಾಲದ ಇಂಥವೇ ಪುಟ್ಟ ನಿಲ್ದಾಣಗಳು, ದೇವನಹಳ್ಳಿ, ದೊಡ್ಡಜಾಲ, ಆವತಿಹಳ್ಳಿ, ನಂದಿ ಹಾಲ್ಟ್, ಪಾಳು ಬೀಳುವ ಸ್ಥಿತಿಯಲ್ಲಿದ್ದಾಗ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟಾಕ್ ಸಂಸ್ಥೆಯವರು ಮುಂದೆ ಬಂದು ಅವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಗುಮ್ಮಟವಿಲ್ಲದ ಕಟ್ಟಡವೂ ಉಳಿಸಿಕೊಳ್ಳತಕ್ಕ ಕಟ್ಟಡವೆಂದು ಕರ್ನಾಟಕದಲ್ಲಿಯೇ ಸ್ಥಾಪಿತವಾಗಿರುವುದರಿಂದ, ವಾಡಿಯಿಂದ ರಾಯಚೂರಿನವರೆಗಿನ ದಾರಿಯಲ್ಲಿ ಹಳೆಯ ಕಲ್ಲಿನ ಗೋಡೆ, ಗೋದಾಮು, ಬಾವಿಕಟ್ಟೆಗಳು ಎಲ್ಲೆಲ್ಲಿ ಉಳಿದಿವೆಯೋ ಅವುಗಳನ್ನು ಗುರುತಿಸಿ ಪಟ್ಟಿಮಾಡುವ ಕೆಲಸವನ್ನು ಜಿಲ್ಲಾಡಳಿತ ಈಗಲೇ ಆರಂಭಿಸಬೇಕು. ಅಮೃತ ಭಾರತ ಯೋಜನೆಯ ಹೆಸರಿನಲ್ಲಿ ದೇಶದ ತುಂಬ ನಿಲ್ದಾಣಗಳನ್ನು ಹೊಸದು ಮಾಡುವ ಭರಾಟೆ ನಡೆದಿರುವಾಗ, ಪಟ್ಟಿಯಲ್ಲಿಲ್ಲದ ಗೋಡೆಗೆ ಗುದ್ದಲಿ ಬೀಳುವುದು ಸುಲಭ.

ಆ ಭರಾಟೆಯ ಒಂದು ಲಕ್ಷಣವನ್ನು ಇಲ್ಲಿ ಹೇಳದೆ ಬಿಡಲಾರೆ. ಹೊಸ ನಿಲ್ದಾಣಗಳ ಮುಂಭಾಗಕ್ಕೆ ಸ್ಥಳೀಯ ಪರಂಪರೆಯ ಸ್ಪರ್ಶವನ್ನು ಕೊಡುವೆವೆಂಬ ಉತ್ಸಾಹದಲ್ಲಿ, ತಗಡು, ಗಾಜು, ನಾರಿನ ಹಲಗೆಗಳಿಂದ ಮಾಡಿದ ಕೋಟೆಯ ಬಾಗಿಲನ್ನೋ ಗೋಪುರದ ತುಣುಕನ್ನೋ ಸಿಮೆಂಟಿನ ಪೆಟ್ಟಿಗೆಯೊಂದಕ್ಕೆ ಅಂಟಿಸಿ, ರಾತ್ರಿ ಬಣ್ಣಬಣ್ಣದ ದೀಪಗಳನ್ನು ಹಾಕುವ ಪದ್ಧತಿ ಬಂದಿದೆ. ಭಾವಚಿತ್ರ ತೆಗೆಸಿಕೊಳ್ಳುವವರಿಗೆ ಅದು ಅನುಕೂಲ. ಆದರೆ ಮುಖವಾಡದ ಹಿಂದಿನ ಕಟ್ಟಡ ಗದಗಿನಲ್ಲಿರಲಿ ಗೋರಖಪುರದಲ್ಲಿರಲಿ ಒಂದೇ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ತಗಡಿನ ಕೆಳಗೆ ನಿಂತವನಿಗೆ ಮುಂಭಾಗದ ಗೋಪುರದಿಂದ ಬರುವ ನೆರಳು ಶೂನ್ಯ. ನಾಳೆ ಶಹಾಪುರದ ನಿಲ್ದಾಣದ ನೆತ್ತಿಯ ಮೇಲೆ ಮಲಗಿದ ಬುದ್ಧನೊಬ್ಬನನ್ನು ಸಿಮೆಂಟಿನಲ್ಲಿ ಎರಕ ಹೊಯ್ದು ಕೂರಿಸುವ ಪ್ರಸ್ತಾಪ ಬಂದರೆ ನನಗೆ ಆಶ್ಚರ್ಯವಾಗದು. ನಿಜವಾದ ಬೆಟ್ಟ ಕಣ್ಣೆದುರಿಗಿರುವಾಗ ಅದರ ಬೊಂಬೆ ಏತಕ್ಕೆ? ಕಟ್ಟೆಯ ಮೇಲೆ ನಿಂತವನಿಗೆ ಬೆಟ್ಟ ಕಾಣುವ ಹಾಗೆ ಕಟ್ಟಡದ ಮುಖವನ್ನು ತಿರುಗಿಸಿದರೆ ಸಾಕು; ಅದಕ್ಕೆ ಹೆಚ್ಚಿನ ಹಣವೂ ಬೇಕಾಗಿಲ್ಲ.

ಬೋರಿಬಂದರದಿಂದ ನಾವು ತರಬೇಕಾದುದು ಅದರ ರೂಪವನ್ನಲ್ಲ, ಅದನ್ನು ಕಟ್ಟಿದ ಕ್ರಮವನ್ನು. ಸ್ಟೀವನ್ಸನು ತನ್ನ ಕಟ್ಟಡಕ್ಕೆ ಈ ದೇಶದ ಕಲ್ಲನ್ನು ಧಾರಾಳವಾಗಿ ಬಳಸಿದನು, ಆ ಊರಿನ ಕಲಾಶಾಲೆಯ ಹುಡುಗರಿಂದ ಕೆತ್ತಿಸಿದನು. ನಮಗೆ ಕಲ್ಲಿನ ಬಡತನವೆ? ಭೀಮೆಯ ತೀರದ ಸುಣ್ಣಗಲ್ಲಿನ ಪದರಗಳಿಂದ ಎದ್ದುಬರುವ ಶಹಾಬಾದಿನ ಫರಸಿಯನ್ನು ಮಹಾರಾಷ್ಟ್ರದವರು ತಮ್ಮ ಮನೆಗಳಿಗೂ ಅಂಗಳಗಳಿಗೂ ಹಾಸಿಕೊಂಡಿದ್ದಾರೆ; ಈ ಹಳಿಯ ಮೇಲೆಯೇ ಅದು ಅಲ್ಲಿಗೆ ಹೋಯಿತು. ಶಹಾಪುರ ಸುರಪುರಗಳ ಗುಡ್ಡಗಳಲ್ಲಿ ಕರಿ ಬಿಳಿ ಚುಕ್ಕೆಯ ಗಟ್ಟಿಗಲ್ಲು ಬೇಕಾದಷ್ಟಿದೆ, ಅದನ್ನು ಸೀಳಬಲ್ಲ ಕಲ್ಲುಕುಟಿಗರ ಮನೆತನಗಳಿವೆ, ಅವರ ಮಕ್ಕಳು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾರೆ. ಶಿರವಾಳದಲ್ಲಿ ಸಾವಿರ ವರ್ಷಗಳಿಂದ ನಿಂತ ಗುಡಿಗಳ ಸಮೂಹ, ಕಲ್ಲಿನ ಮೇಲೆ ಕಲ್ಲನ್ನು ಇಟ್ಟು ಬಿಸಿಲನ್ನು ಹೊರಗೆ ನಿಲ್ಲಿಸುವ ವಿದ್ಯೆಗೆ ನಮ್ಮ ತಾಲ್ಲೂಕಿನದೇ ಆದ ಪಾಠಶಾಲೆ. ಚಿತ್ರಕ್ಕೆ ಬಂದರೆ, ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಹೊನ್ನಿನ ಲೇಪವುಳ್ಳ ಕಿರುಚಿತ್ರಗಳ ಸಂಪ್ರದಾಯವಿದೆ. ಅದನ್ನು ಬಲ್ಲ ಕಲಾವಿದರೂ ಕಲಬುರಗಿಯ ಚಿತ್ರಕಲಾ ವಿದ್ಯಾಲಯಗಳ ವಿದ್ಯಾರ್ಥಿಗಳೂ ಕೂಡಿ ಸುರಪುರ ನಿಲ್ದಾಣದ ಟಿಕೆಟಿನ ಕಿಟಕಿಯ ಮೇಲೆ ನಾಲ್ಕು ಗೋಡೆಗಳನ್ನು ಬರೆದರೆ, ಅದು ನಮ್ಮ ನಕ್ಷತ್ರಮಂದಿರವಾದೀತು. ಚಿತ್ರ ಟಿಕೆಟಿನ ಸಾಲು ನಿಲ್ಲುವ ಕಡೆಗೇ ಇರತಕ್ಕುದು, ಗಣ್ಯರ ವಿಶ್ರಾಂತಿಯ ಕೋಣೆಯಲ್ಲಲ್ಲ. ಈ ಒಂದು ಶರತ್ತಿನಲ್ಲಿ ನಾನು ಸ್ಟೀವನ್ಸನ ಶಿಷ್ಯ.

ಇದನ್ನೆಲ್ಲ ಕೇಳಿದ ಮಿತ್ರರೊಬ್ಬರು ಹೇಳಿದರು: ಮೊದಲು ರೈಲು ಬರಲಿ, ಆಮೇಲೆ ನಿಮ್ಮ ಚಿತ್ರ ಕಲ್ಲು, ತಗಡಿನ ಚಪ್ಪರವಾದರೂ ಸರಿ, ಗಾಡಿಯೊಂದು ನಿಂತರೆ ಸಾಕು. ಈ ಮಾತಿನಲ್ಲಿರುವ ನೋವು ನನಗೆ ಅರ್ಥವಾಗುವುದು. ಮಂಜೂರಾಗಿ ಹನ್ನೆರಡು ವರ್ಷ ಕಳೆಯುವ ಹೊತ್ತಿಗೆ ಕುಷ್ಟಗಿಯವರೆಗೆ ಮಾತ್ರ ಬಂದ ಮಾರ್ಗ ನಮ್ಮ ಊರಿಗೆ ಬರುವಷ್ಟರಲ್ಲಿ ಇಂದಿನ ಹುಡುಗರಿಗೆ ಮೀಸೆ ಬಂದಿರುವುದು. ಆಲಮಟ್ಟಿಯಿಂದ ಯಾದಗಿರಿಗೆ ಹಳಿ ಬೇಕೆಂಬ ಇನ್ನೊಂದು ಬೇಡಿಕೆ ಮನವಿಪತ್ರಗಳಲ್ಲಿಯೇ ಮುದುಕಾಗುತ್ತಿದೆ. ಆದರೂ ಮಿತ್ರರ ಮಾತನ್ನು ಒಪ್ಪಲಾರೆ. ಸಿಕ್ಕಿದುದೇ ಸಾಕೆಂಬ ಈ ದೈನ್ಯವೇ ಕಲ್ಯಾಣ ಕರ್ನಾಟಕದ ಸರಕಾರಿ ಕಟ್ಟಡಗಳ ವಾಸ್ತುಶಾಸ್ತ್ರವಾಗಿ ಪರಿಣಮಿಸಿದೆ. ತಾಲ್ಲೂಕು ಕಚೇರಿಯಾಗಲಿ ಆಸ್ಪತ್ರೆಯಾಗಲಿ ಬಸ್ ನಿಲ್ದಾಣವಾಗಲಿ, ಒಳಗೆ ಹೋದವನಿಗೆ ತಾನು ಯಾರಿಗೋ ತೊಂದರೆ ಕೊಡಲು ಬಂದವನೆಂಬ ಭಾವನೆಯನ್ನು ಹುಟ್ಟಿಸುವಂತೆ ಅವನ್ನು ಕಟ್ಟಿದ್ದಾರೆ. ಇಷ್ಟಕ್ಕೂ ನಾನು ಕೇಳುತ್ತಿರುವುದು ದುಬಾರಿಯಾದ ವಸ್ತುಗಳನ್ನಲ್ಲ. ಕಟ್ಟೆಯ ಉದ್ದಕ್ಕೂ ನಿಜವಾದ ನೆರಳು. ಹೊರೆಯನ್ನು ಬಾಗದೆ ಇಳಿಸುವುದಕ್ಕೆ ಎದೆಯೆತ್ತರದ ಕಲ್ಲುಕಟ್ಟೆ, ಹಿಂದೆ ನಮ್ಮ ಎಲ್ಲ ದಾರಿಗಳಲ್ಲಿಯೂ ಇದ್ದಂಥದು. ಗಾಡಿಯಿಂದ ಇಳಿದೊಡನೆಯೆ ಕಣ್ಣಿಗೆ ಬೀಳುವ ಕುಡಿಯುವ ನೀರು. ಗುಳೆಯಿಂದ ನಡುರಾತ್ರಿಯಲ್ಲಿ ಮರಳಿದ ಸಂಸಾರ ಬೆಳಗಿನ ಬಸ್ಸಿನವರೆಗೆ ಮಲಗಲು ಫರಸಿ ಹಾಸಿದ ವಿಶಾಲವಾದ ಪಡಸಾಲೆ. ಹೆಣ್ಣುಮಕ್ಕಳಿಗೆ ಬಾಗಿಲೂ ದೀಪವೂ ಇರುವ ಶೌಚಾಲಯ. ಈ ನಿಲ್ದಾಣದಿಂದ ಹೋಗತಕ್ಕವರಲ್ಲಿ ಹೆಚ್ಚಿನವರು ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಸಾಮಾನಿನೊಡನೆ ಹೋಗುವರೆಂಬುದನ್ನು ಶಿಲ್ಪಿ ಮೊದಲು ತಿಳಿದುಕೊಂಡರೆ ಅರ್ಧ ನಕ್ಷೆ ತಾನಾಗಿಯೇ ಮೂಡುವುದು.

ಮುಂಬಯಿಯ ಕಟ್ಟಡಕ್ಕೆ ಸಂಬಂಧಪಟ್ಟ ಇನ್ನೊಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುವಂಥದು. ಸ್ಟೀವನ್ಸನ ನಿಲ್ದಾಣ ನೆಲದಿಂದ ಮೇಲೇಳುವ ಮೊದಲೇ, ಆಕ್ಸೆಲ್ ಹೇಗ್ ಎಂಬ ನಿಪುಣ ಚಿತ್ರಕಾರನು ಅದು ಮುಗಿದ ಮೇಲೆ ಹೇಗೆ ಕಾಣುವುದೆಂಬುದನ್ನು ಜಲವರ್ಣದಲ್ಲಿ ಬರೆದುಕೊಟ್ಟಿದ್ದನು. ಆ ಚಿತ್ರ ಇಂದಿಗೂ ಪ್ರಸಿದ್ಧವಾಗಿದೆ. ಪರಾಧೀನ ದೇಶದಲ್ಲಿ ಲಾಭಕ್ಕಾಗಿ ರೈಲು ನಡೆಸಿದ ಕಂಪನಿ ತನ್ನ ಧಣಿಗಳಿಗೆ ಅಷ್ಟನ್ನು ತೋರಿಸುವುದು ಅಗತ್ಯವೆಂದು ತಿಳಿದಿದ್ದರೆ, ಸ್ವತಂತ್ರ ದೇಶದ ರೈಲ್ವೆ ಇಲಾಖೆ ತನ್ನ ಧಣಿಗಳಾದ ಶಹಾಪುರ ಸುರಪುರಗಳ ಜನರಿಗೆ ಅಷ್ಟನ್ನಾದರೂ ತೋರಿಸಬೇಕು. ನಿಲ್ದಾಣದ ನಕ್ಷೆಯನ್ನೂ ಚಿತ್ರವನ್ನೂ ಎರಡು ಊರುಗಳ ತಹಸೀಲು ಕಚೇರಿಗಳಲ್ಲಿ, ಮಾರ್ಗ ಹಾದುಹೋಗುವ ಹಳ್ಳಿಗಳ ಪಂಚಾಯಿತಿಗಳಲ್ಲಿ, ಕನ್ನಡದ ವಿವರಣೆಯೊಡನೆ, ಸಂತೆಯ ದಿನಗಳಲ್ಲಿ ಬಂದವರಿಗೆಲ್ಲ ಕಾಣುವ ಎತ್ತರದಲ್ಲಿ ತೂಗುಹಾಕಲಿ. ಗುತ್ತಿಗೆ ಕರೆಯುವ ಮುನ್ನ ಒಂದು ತಿಂಗಳಾದರೂ ಅವು ಅಲ್ಲಿರಲಿ. ನೀರು ಎಲ್ಲಿ, ನೆರಳು ಎಲ್ಲಿ ಎಂದು ಜನ ಕೇಳಿದುದನ್ನು ಬರೆದುಕೊಳ್ಳಲು ಒಬ್ಬ ಗುಮಾಸ್ತನನ್ನು ಅಲ್ಲಿ ಕೂರಿಸಲಿ. ನಮ್ಮ ಸಂಸದರೂ ಶಾಸಕರೂ ಅಡಿಗಲ್ಲಿನ ಮೇಲೆ ತಮ್ಮ ಹೆಸರುಗಳನ್ನು ಕೆತ್ತಿಸುವ ಮೊದಲು, ಇಷ್ಟನ್ನು ಇಲಾಖೆಯವರಿಂದ ಬರಹದಲ್ಲಿ ಪಡೆದುಕೊಳ್ಳಬೇಕೆಂದು ಬಿನ್ನಹ.